ತಲೆ ಅಲ್ಲಾಡಿಸಿದವಳು

ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಹಳೇ ಫೋಟೋಗಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಎಲ್ಲರೂ ಕರೆಯುವುದು ‘ಗ್ಲೌಸಕ್ಕ’ ಎಂದು. ಬಿಳಿ ಹತ್ತಿಯ ಗ್ಲೌಸು ಹಾಕದೆ ಒಂದು ಚಿತ್ರವನ್ನೂ ಮುಟ್ಟಿದವಳಲ್ಲ, ಬರಿಗೈಯಲ್ಲಿ ಮುಟ್ಟಿದವರನ್ನು ಸುಮ್ಮನೆ ಬಿಟ್ಟವಳೂ ಅಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವುದು ಅವಳ ಜಾಯಮಾನವೇ ಅಲ್ಲ. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಜೊತೆಯವರು ನಗುತ್ತಾರೆ. ನಗಲಿ. ತಾಯಿಯಿಲ್ಲದ ಅವಳನ್ನು ಸಾಕಿ ಬೆಳೆಸಿದ ಸೋದರತ್ತೆಯೂ ಅಂಥವಳೇ.

ಆ ಅತ್ತೆ ಹರೆಯದಲ್ಲಿ ಬಟ್ಟೆ ಗಿರಣಿಯಲ್ಲಿ ನೂಲು ಸುತ್ತುತ್ತಿದ್ದಳು. ಗಿರಣಿಯ ಬಗ್ಗೆ ಪ್ರದರ್ಶನ ಮಾಡಲೆಂದು ಪೆಟ್ಟಿಗೆಗಳನ್ನು ತೆರೆದಾಗ ಸಿಕ್ಕ ಒಂದು ಚಿತ್ರದಲ್ಲಿ ಅವಳೂ ಇದ್ದಳು. ಸಾಲಾಗಿ ನಿಂತ ಹೆಣ್ಣಾಳುಗಳು. ಎಲ್ಲರ ಮುಖವೂ ನಿಚ್ಚಳ, ಒಬ್ಬಳದು ಮಾತ್ರ ಕಲಸಿಹೋಗಿದೆ. ಮುಂಗೈಯ ಸುಟ್ಟ ಕಲೆ ನೋಡಿಯೇ ಗ್ಲೌಸಕ್ಕ ಅತ್ತೆಯನ್ನು ಗುರುತಿಸಿದಳು.

“ಪಾಪ, ಇವರೊಬ್ಬರಿಗೆ ಅನ್ಯಾಯ ಆಗಿದೆ,” ಎಂದರು ಮೇಲಧಿಕಾರಿ. “ಕಂಪ್ಯೂಟರಲ್ಲಿ ಒಂದು ನಗುಮುಖ ಕೂರಿಸಿ, ಇದನ್ನೇ ಪೋಸ್ಟರ್ ಮಾಡೋಣ. ಅವರಿಗೂ ಗೌರವ.” ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಮನೆಗೆ ಬಂದು ಹೇಳಿದರೆ ಅತ್ತೆ ಸಿಡಿದೆದ್ದಳು.

“ಅನ್ಯಾಯಾನೂ ಇಲ್ಲ, ಮಣ್ಣೂ ಇಲ್ಲ. ಫೋಟೋ ತೆಗೆಯೋವಾಗ ಬೇಕು ಅಂತಾನೇ ತಲೆ ಅಲ್ಲಾಡಿಸಿದ್ದು ಕಣೇ! ಗಿರಣಿ ಮಾಲೀಕರು ನಮ್ಮ ಮುಷ್ಕರ ಮುರಿದ್ರು, ನನ್ನ ಗೆಳತೀರ ಕೆಲಸ ಕಿತ್ಕೊಂಡ್ರು, ಆಮೇಲೆ ನಗ್ತಾ ನಿಂತ್ಕೊಳ್ಳಿ ಅಂದ್ರು. ನಿಂತ್ಕೊಂಡೆ. ಮುಖ ಮಾತ್ರ ಕೊಡಲಿಲ್ಲ.”

ಮರುದಿನ ಗ್ಲೌಸಕ್ಕ ಅತ್ತೆಯ ಕೈ ಹಿಡಿದುಕೊಂಡು, ಅತಿಥಿಗಳು ತುಂಬಿದ್ದ ಅಧಿಕಾರಿಯ ಕೋಣೆಗೇ ನುಗ್ಗಿದಳು.

“ಸರ್, ಆ ಮುಖದ ಒಡತಿ ಇವರೇ. ಕೇಳ್ಕೊಳ್ಳಿ.”

“ನನ್ನ ಮುಖ ಮುಟ್ಟಬೇಡಿ,” ಎಂದಳು ಅತ್ತೆ.

“ಅಮ್ಮಾ, ಪೋಸ್ಟರ್ ಆಗಲೇ ಅಚ್ಚಿಗೆ ಹೋಗಿದೆ...”

“ವಾಪಸ್ ತರಿಸಿ,” ಎಂದಳು ಗ್ಲೌಸಕ್ಕ. “ಅವತ್ತು ಇಲ್ಲ ಅಂದವರ ಬಾಯಲ್ಲಿ ಇವತ್ತು ಹೂಂ ಅನ್ನಿಸೋಕೆ ನೀವ್ಯಾರು?”

ಅಧಿಕಾರಿಯ ಮುಖ ಕೆಂಪೇರಿತು. ಪೋಸ್ಟರ್ ನಿಂತಿತು. ನಾಲ್ಕು ಜನರೆದುರು ಮಾನ ಕಳೆದಳೆಂದು ಗ್ಲೌಸಕ್ಕನನ್ನು ಟಿಕೆಟ್ ಕಿಟಕಿಗೆ ಎತ್ತಂಗಡಿ ಮಾಡಿದರು. ಜೀವದಂತಿದ್ದ ಕೆಲಸ ಕೈತಪ್ಪಿದಾಗ ಅವಳಿಗೆ ಅಳು ಬಂತು. ಕ್ಷಮೆ ಕೇಳಿದರೆ ಮತ್ತೆ ಕೆಳಗೆ ಕಳಿಸುತ್ತೇವೆ ಎಂದರು. ಅವಳು ಕೇಳಲಿಲ್ಲ.

ಚಿತ್ರ ಇದ್ದ ಹಾಗೆಯೇ ಗೋಡೆಗೇರಿದೆ. ಟಿಕೆಟ್ ಹರಿದು ಕೊಡುವಾಗ ಗ್ಲೌಸಕ್ಕ ಬಂದವರಿಗೆಲ್ಲ ಕೇಳುವಂತೆ ಹೇಳುತ್ತಾಳೆ:

“ಒಳಗೆ ಗಿರಣಿ ಫೋಟೋದಲ್ಲಿ ಮುಖ ಕಾಣದವರು ನಮ್ಮತ್ತೆ. ಕ್ಯಾಮೆರಾ ಕೆಟ್ಟಿರಲಿಲ್ಲ. ಅವರು ಒಪ್ಪಿರಲಿಲ್ಲ.”