ಟ್ಯಾಂಕಿನ ಲೆಕ್ಕದಲ್ಲಿ ಜೋಡಿಸಿದ ಸ್ಟೀರಿಯೊ

ಪೈಪು ಮಾರುವ ಅಂಗಡಿಯಲ್ಲಿ ದುಡಿದು ದುಡಿದು ಅವನಿಗೆ ಜಗತ್ತೆಲ್ಲ ನೀರಿನ ಲೆಕ್ಕದಲ್ಲೇ ಕಾಣುತ್ತಿತ್ತು. ಗೆಳೆಯರು ಅವನನ್ನು ‘ನಲ್ಲಿ’ ಎಂದು ಕರೆಯುತ್ತಿದ್ದುದು ಸುಮ್ಮನಲ್ಲ; ಬಾಯಿ ತೆರೆದರೆ ಸುರಿಯುತ್ತಲೇ ಇರುತ್ತಿದ್ದ. ಅಕ್ಕನ ಮನೆಯಲ್ಲೇ ಊಟ, ಅಲ್ಲೇ ನಿದ್ದೆ. ಆ ಮನೆಯಲ್ಲಿ ಅವನು ಮುಟ್ಟಬಾರದ ವಸ್ತು ಒಂದೇ: ಭಾವನ ಹಳೆಯ ಸ್ಟೀರಿಯೊ. ದಿನವಿಡೀ ಬಸ್ಸು ಓಡಿಸಿ, ಹಾರನ್ನು ಕೇಳಿ ಕೇಳಿ ಬಂದ ಭಾವ ಅದರ ಮುಂದೆ ಕೂತ ಮೇಲಷ್ಟೇ ಮನುಷ್ಯರಾಗುತ್ತಿದ್ದರು. ಅದನ್ನು ರಿಪೇರಿ ಮಾಡಬಲ್ಲವನೊಬ್ಬನಿದ್ದ, ಅವನೂ ಅಂಗಡಿ ಮುಚ್ಚಿಕೊಂಡು ಹೋಗಿದ್ದ. ಇನ್ನು ಕೆಟ್ಟರೆ ಕೆಟ್ಟಂತೆಯೇ.

“ಹಾಡು ಅಡುಗೆಮನೆಗೂ ಕೇಳೋ ಹಾಗಿದ್ರೆ ಚೆನ್ನಾಗಿತ್ತು ಕಣೋ,” ಎಂದು ಅಕ್ಕ ಅಂದದ್ದೇ ತಡ, ಅಪ್ಪನ ಕಾಲದ ಇನ್ನೊಂದು ಸೆಟ್ಟನ್ನು ಅಟ್ಟದಿಂದ ಇಳಿಸಿ ಅಡುಗೆಮನೆಯಲ್ಲಿಟ್ಟ.

“ಎರಡು ಟ್ಯಾಂಕ್ ಜೋಡಿಸೋದು ನಂಗೆ ಗೊತ್ತಿಲ್ವಾ?”

“ಅದ್ರಲ್ಲಿ ಬರೋದು ನೀರಲ್ಲ ಕಣೋ, ಕರೆಂಟು.”

“ಎಲ್ಲಾ ಒಂದೇ ಸುಮ್ನಿರೆ.”

ಮಾಳಿಗೆಯ ಮೇಲಿನ ಎರಡು ಟ್ಯಾಂಕುಗಳನ್ನು ತಳದಲ್ಲಿ, ನೀರು ಹೊರಡುವ ಬಾಯಿಗಳಲ್ಲೇ ಸೇರಿಸುತ್ತಾರೆ. ನೀರು ಎರಡರಲ್ಲೂ ಸಮ ನಿಲ್ಲುತ್ತದೆ. ಅದೇ ನ್ಯಾಯ ಹಿಡಿದು, ಭಾವನ ಸೆಟ್ಟಿನ ಹಿಂದೆ ಸ್ಪೀಕರ್ ತಂತಿ ಹೊರಡುವ ಜಾಗದಿಂದ ಅಪ್ಪನ ಸೆಟ್ಟಿನ ಅದೇ ಜಾಗಕ್ಕೆ ತಂತಿ ಎಳೆದ. ಸ್ವಿಚ್ಚು ಹಾಕಿದ.

ಗುಂಯ್ ಎಂದಿತು. ಭಾವನ ಸೆಟ್ಟಿನ ಹಸಿರು ದೀಪ ಒಮ್ಮೆ ಉರಿದು ಆರಿತು. ಹಿಂದೆಯೇ ಸುಟ್ಟ ವಾಸನೆ. ಎರಡೂ ಪ್ಲಗ್ಗುಗಳನ್ನು ಕಿತ್ತ; ಅಪ್ಪನ ಸೆಟ್ಟಿನ ದೀಪ ಮಾತ್ರ ಅಲ್ಲಿಯವರೆಗೂ ಉರಿಯುತ್ತಿತ್ತು. ನಾಲಿಗೆ ಒಣಗಿತ್ತು. ಜೀವಮಾನದಲ್ಲಿ ಮೊದಲ ಬಾರಿಗೆ ನಲ್ಲಿಯಲ್ಲಿ ನೀರಿಲ್ಲ.

ಗೇಟು ಕಿರ್ರೆಂದಿತು. ಅಕ್ಕ ಕಿಟಕಿಗಳನ್ನೆಲ್ಲ ತೆರೆದು, ಸೆರಗಿನಿಂದ ಗಾಳಿ ಹಾಕತೊಡಗಿದಳು. ಭಾವ ಒಳಗೆ ಬಂದವರೇ ಮೂಗರಳಿಸಿದರು. ಬಗ್ಗಿ ಸೆಟ್ಟಿನ ಹಿಂಬದಿ ನೋಡಿದರು.

“ಇದೇನಿದು?”

“ಟ್ಯಾಂಕಿನ ತರ... ಭಾವ...”

ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಅವರು ಬೈಯಲಿಲ್ಲ. ತಂತಿಯನ್ನು ಬಿಚ್ಚಿ ನೆಲದ ಮೇಲಿಟ್ಟರು. ಹಿಂದಿನ ಮುಚ್ಚಳ ತಿರುಗಿಸಿ, ಕಪ್ಪಾಗಿದ್ದ ಗಾಜಿನ ಫ್ಯೂಸು ತೆಗೆದು ಬೆಳಕಿಗೆ ಹಿಡಿದರು. ಡ್ರಾಯರಿನಿಂದ ಇನ್ನೊಂದನ್ನು ತಂದು ಅವನ ಅಂಗೈಯಲ್ಲಿಟ್ಟರು.

“ಇರೋದು ಇದೊಂದೇ. ಇದೂ ಹೋದ್ರೆ ಒಳಗೇ ಸುಟ್ಟಿದೆ ಅಂತ, ಸೆಟ್ಟು ಸತ್ತ ಹಾಗೆ. ಹಾಕು.”

“ನೀವೇ ಹಾಕಿ ಭಾವ.”

“ನನ್ ಕೈಲಾಗಲ್ಲ ಕಣೋ.”

ತಲೆಯೆತ್ತಿ ನೋಡಿದ. ಕಿಕ್ಕಿರಿದ ಬಸ್ಸನ್ನು ಇಳಿಜಾರಿನಲ್ಲಿ ಒಂದೇ ಕೈಯಲ್ಲಿ ಇಳಿಸುವ ಭಾವ ಬಾಗಿಲಿನವರೆಗೆ ಸರಿದು, ಗೋಡೆಗೆ ಮುಖ ಮಾಡಿ ನಿಂತಿದ್ದರು.

ಆಗ ಅವನಿಗೆ ನಿಜವಾದ ಹೆದರಿಕೆ ಹತ್ತಿತು. ಈವರೆಗಿನದು ಬೈಗುಳದ ಭಯ. ಫ್ಯೂಸು ಎರಡು ಸಲ ಬೆರಳಿಂದ ಜಾರಿತು. ಕೊನೆಗೆ ಕೂರಿಸಿ, ಪ್ಲಗ್ಗು ಸಿಕ್ಕಿಸಿ, ಕಣ್ಣು ಮುಚ್ಚಿ ಸ್ವಿಚ್ಚೊತ್ತಿದ.

“ದೀಪ ಬಂತಾ?” ಗೋಡೆ ಕಡೆಯಿಂದ ಭಾವನ ದನಿ.

“ಬಂತು.”

ಕ್ಯಾಸೆಟ್ಟು ತಿರುಗಿತು. ಎಡಗಡೆಯ ಸ್ಪೀಕರಿನಲ್ಲಿ ಹಾಡು ಹೊರಟಿತು. ಬಲಗಡೆಯದಕ್ಕೆ ಕಿವಿ ಹಚ್ಚಿದ, ತಟ್ಟಿದ, ತಂತಿ ಅಲ್ಲಾಡಿಸಿದ. ಉಸಿರಿಲ್ಲ.

ಭಾವ ನಿಧಾನವಾಗಿ ಬಂದು, ಎರಡು ಸ್ಪೀಕರುಗಳ ನಡುವೆ ಇದ್ದ ತಮ್ಮ ಕುರ್ಚಿಯನ್ನು ಎಡಕ್ಕೆ ಎಳೆದುಕೊಂಡು ಕೂತರು. ಬಹಳ ಹೊತ್ತು ಕೇಳಿದರು. ಆಮೇಲೆ ಸೆಟ್ಟಿನ ಹಿಂದೆ, ಇನ್ನೊಂದು ಟೇಪಿಗೆ ಹಾಡು ಕಳಿಸಲೆಂದು ಬಿಟ್ಟಿದ್ದ ಪುಟ್ಟ ತೂತುಗಳನ್ನು ತೋರಿಸಿದರು.

“ಹಾಡು ಇಲ್ಲಿಂದ ಹೊರಗೆ, ಎಡಗಡೇದು ಬಲಗಡೇದು ಎರಡೂ. ನಿಮ್ಮಪ್ಪನ ಸೆಟ್ಟಲ್ಲಿ ಒಳಗೆ. ನಾಳೆ ಸರಿಯಾದ ತಂತಿ ತಂದು ಜೋಡಿಸು.”

“ಇನ್ನೊಂದ್ಸಲಾನಾ? ಬೇಡ ಭಾವ, ದಮ್ಮಯ್ಯ!”

“ಬೇಡ ಅಂದ್ರೆ ಹೇಗೆ? ಬಲಗಡೇದು ಕೇಳೋಕೆ ನಾನಿನ್ನು ಅಡುಗೆಮನೆಗೇ ಹೋಗ್ಬೇಕಲ್ಲ,” ಎಂದರು ಭಾವ.

ಅವರು ನಗುತ್ತಿದ್ದಾರೋ ಇಲ್ಲವೋ ಎಂದು ನೋಡುವ ಧೈರ್ಯ ಅವನಿಗಾಗಲಿಲ್ಲ.