ಗೋಡೆಯಾಚೆ ಯಾರಿದ್ದಾರೆ

“ಅದು ಸರಿ, ಎಷ್ಟನೇ ಕ್ರಾಸು ಅಂತ ಹೇಳ್ಲೇ ಇಲ್ವಲ್ಲ ನೀವು,” ಎಂದು ವೃಷಭೇಂದ್ರಪ್ಪ ಎರಡನೆಯ ಸಲ ಕೇಳಿದರು.

“ಕ್ರಾಸೂ ಇಲ್ಲ, ಎಂತದೂ ಇಲ್ಲ ಮಾರಾಯ್ರೆ. ಕದ್ರಿ ಗುಡ್ಡೆ ಹತ್ತಿ ನಮ್ಮ ಅಣ್ಣನ ಹೆಸರು ಹೇಳಿ. ಅವನ ಹಿತ್ಲಿನ ಬಾಡಿಗೆ ಮನೆ ಎಲ್ಲುಂಟು ಅಂತ ಯಾರಾದ್ರೂ ತೋರಿಸ್ತಾರೆ.”

“ಕ್ರಾಸಿಲ್ದೆ ಪೋಸ್ಟ್‌ಮ್ಯಾನ್ ಹ್ಯಾಗೆ ಬರ್ತಾನೆ?”

“ಅವನೂ ಕೇಳ್ಕೊಂಡೇ ಬರ್ತಾನೆ,” ಎಂದು ಜಾನಕಮ್ಮ ನಕ್ಕು, ಖಾಲಿಯಾದ ಲೋಟಕ್ಕೆ ಮತ್ತಷ್ಟು ಕಾಫಿ ಸುರಿದರು.

ಜಾನಕಮ್ಮ ಮಂಗಳೂರಿನವರು. ಮದುವೆಯಾಗಿ ಮಲ್ಲೇಶ್ವರಕ್ಕೆ ಬಂದು ಎಷ್ಟೋ ವರ್ಷಗಳಾಗಿದ್ದರೂ ‘ಉಂಟು’ ಬಿಟ್ಟವರಲ್ಲ. ಅವರ ಯಜಮಾನರು ವೃಷಭೇಂದ್ರಪ್ಪನವರ ಕಚೇರಿಯಲ್ಲೇ ಕೆಲಸದಲ್ಲಿದ್ದವರು. ಆ ಗುರುತಿನಿಂದಲೇ ವೃಷಭೇಂದ್ರಪ್ಪ, ಅವರ ಹೆಂಡತಿ ಮಹಾನಂದ ಇಬ್ಬರೂ ಮಂಗಳೂರಿನಲ್ಲಿ ಮನೆ ವಿಚಾರಿಸಲು ಭಾನುವಾರ ಚಾಮರಾಜಪೇಟೆಯಿಂದ ಬಸ್ಸು ಹಿಡಿದು ಬಂದು ಈ ಜಗುಲಿಯಲ್ಲಿ ಕೂತಿದ್ದರು. ಹೋದ ನವೆಂಬರಿನಲ್ಲಿ ಮಂಗಳೂರು ಮೈಸೂರು ರಾಜ್ಯಕ್ಕೆ ಸೇರಿದಾಗ ಕಚೇರಿಯಲ್ಲೆಲ್ಲ ಮೈಸೂರು ಪಾಕು ಹಂಚಿದ್ದರು. ಆ ಸಿಹಿ ಬಾಯಲ್ಲಿ ಕರಗುವುದರೊಳಗೆ ವೃಷಭೇಂದ್ರಪ್ಪನವರಿಗೆ ವರ್ಗದ ಆರ್ಡರು ಬಂತು. ಅಲ್ಲಿಯವರೆಗೆ ವರ್ಗ ಎಂದರೆ ತುಮಕೂರು, ಕೋಲಾರ, ಹೆಚ್ಚೆಂದರೆ ಹಾಸನ. ಈಗ ಏಕಾಏಕಿ ಸಮುದ್ರ.

ಸಮುದ್ರಕ್ಕೆ ಹೆದರುವವಳಲ್ಲ ಮಹಾನಂದ. ಅವಳ ಹೆದರಿಕೆ ಬೇರೆ. ಪೇಟೆಯಲ್ಲಿ ಬಟ್ಟೆ ವ್ಯಾಪಾರದ ಮನೆಯಲ್ಲಿ ಹುಟ್ಟಿ, ಅಂಗಡಿಯ ಮೇಲಿನ ಉಪ್ಪರಿಗೆಯಲ್ಲಿ ಅತ್ತೆಯರು, ಚಿಕ್ಕಮ್ಮಂದಿರು, ಅವರ ಮಕ್ಕಳು ಎಲ್ಲರ ನಡುವೆ ಬೆಳೆದವಳು. ಮದುವೆಯಾಗಿ ಚಾಮರಾಜಪೇಟೆಯ ವಠಾರಕ್ಕೆ ಬಂದಾಗ ಎರಡು ಕೋಣೆಯ ಮನೆ ನೋಡಿ ಅಳು ಬಂದಿತ್ತು. ಚಿಕ್ಕದಾಯಿತೆಂದಲ್ಲ, ಸದ್ದೇ ಇಲ್ಲವಲ್ಲ ಎಂದು. ಮಾರನೆಯ ಬೆಳಿಗ್ಗೆ ಅಡುಗೆಮನೆಯ ಗೋಡೆಯ ಆ ಕಡೆಯಿಂದ ಯಾರೋ ಸೌಟಿನಲ್ಲಿ ಟಕ್ ಟಕ್ ಬಡಿದು, “ಹೊಸ ಹುಡುಗಿ, ಎದ್ದಿದೀಯಾ? ನಲ್ಲೀಲಿ ನೀರು ಬಂತು,” ಎಂದು ಕೂಗಿದ್ದರು. ಅವರೇ ಸರಸ್ವತಮ್ಮ. ಅಂದಿನಿಂದ ಕಾಫಿಪುಡಿ, ಒಗ್ಗರಣೆಗೆ ಸಾಸಿವೆ, ಸಿಟ್ಟು, ಅಳು ಎಲ್ಲವೂ ಆ ಗೋಡೆ ದಾಟಿಯೇ ಹೋಗಿ ಬಂದಿವೆ. ಮಹಾನಂದಳಿಗೆ ಮಕ್ಕಳಾಗಲಿಲ್ಲ. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರೆಲ್ಲ ಒಮ್ಮೆಯಾದರೂ ಅದರ ಮಾತೆತ್ತಿದ್ದಾರೆ, ಸರಸ್ವತಮ್ಮ ಒಬ್ಬರನ್ನು ಬಿಟ್ಟು.

ಹಾಗಾಗಿ ಅವಳು ಜಾನಕಮ್ಮನನ್ನು ಕೇಳಿದ ಮೊದಲ ಪ್ರಶ್ನೆಯೇ, “ಅಲ್ಲಿ ನಲ್ಲಿ ನೀರು ಎಷ್ಟು ಹೊತ್ತಿಗೆ ಬರತ್ತೆ?”

“ನಲ್ಲಿ ಯಾಕೆ? ಮನೆಗೊಂದು ಬಾವಿ ಉಂಟಲ್ಲ.”

ವೃಷಭೇಂದ್ರಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತರು. “ಕೇಳಿದ್ಯಾ? ಸ್ವಂತ ಬಾವಿ. ಕ್ಯೂ ಇಲ್ಲ, ಜಗಳ ಇಲ್ಲ.”

“ಕ್ಯೂ ಇಲ್ದಿದ್ರೆ ಹೆಂಗಸ್ರು ಮಾತಾಡೋದೆಲ್ಲಿ?” ಎಂದಳು ಮಹಾನಂದ.

ವೃಷಭೇಂದ್ರಪ್ಪನವರಿಗೆ ಅದು ಕೇಳಿಸಲಿಲ್ಲ. ಅವರು ಆಗಲೇ ಕದ್ರಿ ಗುಡ್ಡ ಹತ್ತಿದ್ದರು. ಭಾನುವಾರಗಳಲ್ಲಿ ಗಾಂಧಿ ಬಜಾರಿಗೆ ತರಕಾರಿಗೆಂದು ಹೋಗುವಾಗ ಬಸವನಗುಡಿಯ ಬಂಗಲೆಗಳ ಗೇಟಿನ ಮುಂದೆ ನಡಿಗೆ ನಿಧಾನ ಮಾಡುವುದು ಅವರ ಹಳೆಯ ಚಾಳಿ. ಕಲ್ಲಿನ ಕಂಬ, ಅದರ ಮೇಲೆ ಯಜಮಾನರ ಹೆಸರು, ಒಳಗೆ ಸಂಪಿಗೆ ಮರ. ಈಗ ಜಾನಕಮ್ಮನ ಅಣ್ಣನ ಹಿತ್ತಿಲ ಮನೆಗೆ ಕಾಂಪೌಂಡೂ ಇದೆ, ಗೇಟೂ ಇದೆ, ಮೇಲಿಂದ ಗಾಳಿ ಬೇರೆ.

“ಪಕ್ಕದ ಮನೆಯೋರು ಹ್ಯಾಗೆ?” ಮಹಾನಂದ ಬಿಡಲಿಲ್ಲ.

“ಪಕ್ಕದ ಮನೆ ಅಂತ ಹತ್ತಿರ ಇಲ್ಲ. ನಡುವೆ ತೆಂಗಿನ ತೋಟ ಉಂಟು. ಜೋರಾಗಿ ಕರೆದ್ರೆ ಕೇಳ್ಬಹುದು, ಗಾಳಿ ಈ ಕಡೆಗೆ ಇದ್ರೆ.”

ಮಹಾನಂದ ಲೋಟ ಕೆಳಗಿಟ್ಟಳು. ವೃಷಭೇಂದ್ರಪ್ಪ ತಿರುಗಿ ನೋಡಿದರು. ಅವಳು ಬೀದಿಯ ಕಡೆ ಮುಖ ಮಾಡಿ, ತೀರ ಮೆತ್ತಗೆ, “ನೀವು ಹೋಗಿ ಬನ್ನಿ. ನಾನು ಇಲ್ಲೇ ಇರ್ತೀನಿ,” ಎಂದಳು.

“ಹೋಗಿ ಬರೋಕೆ ಅದೇನು ತಿಪಟೂರಾ? ಮೂರ್ನಾಲ್ಕು ವರ್ಷ ಅಲ್ಲೇ ಇರ್ಬೇಕು.”

“ಅದಕ್ಕೇ ಹೇಳ್ತಿರೋದು. ನೀವು ಕಚೇರಿಗೆ ಹೋದ್ಮೇಲೆ ನಾನು ಅಷ್ಟು ವರ್ಷ ತೆಂಗಿನ ಮರದ ಜೊತೆ ಮಾತಾಡ್ಲಾ?”

ಜಾನಕಮ್ಮನಿಗೆ ಕಸಿವಿಸಿಯಾಯಿತು. ಮನೆಗೆ ಬಂದವರ ನಡುವೆ ಹೀಗಾಯಿತಲ್ಲ ಎಂದು ಮಾತು ತೇಲಿಸಲು ಹೋದರು. “ಇನ್ನೊಂದು ಮನೆ ಉಂಟು ಅಣ್ಣಂದು, ಬಂದರಿಗೆ ಇಳಿಯುವ ದಾರೀಲಿ. ಆದ್ರೆ ಅದು ನಿಮಗೆ ಆಗ್ಲಿಕ್ಕಿಲ್ಲ. ಹೇಳ್ಲಿಕ್ಕೇ ನಾಚಿಕೆ.”

“ಯಾಕೆ?”

“ಸಾಲುಮನೆ. ಒಂದೇ ಗೋಡೆ ಎರಡು ಮನೆಗೆ. ಆಚೆ ಸೀನಿದ್ರೆ ಈಚೆ ಕೇಳ್ತದೆ.”

ಮಹಾನಂದಳ ಮುಖ ಬೀದಿಯಿಂದ ಜಗುಲಿಗೆ ತಿರುಗಿತು. “ಆಚೆ ಯಾರಿದ್ದಾರೆ?”

“ಸಿಸಿಲಿಯಾ ಬಾಯಿ ಅಂತ. ಕ್ರಿಶ್ಚನ್ನರು. ಮಕ್ಕಳೆಲ್ಲ ಬೊಂಬಾಯಿಯಲ್ಲಿ, ಒಬ್ಬಳೇ ಇರೋದು. ಬೆಳಿಗ್ಗೆ ಎದ್ದದ್ದೇ ಮಾತು ಶುರು ಮಾರಾಯ್ರೆ, ಕೊಂಕಣಿಯಲ್ಲೂ ಮಾತು, ತುಳುವಿನಲ್ಲೂ ಮಾತು, ಕನ್ನಡದಲ್ಲೂ ಮಾತು. ಕೇಳ್ಲಿಕ್ಕೆ ಜನ ಇಲ್ಲದಿದ್ರೆ ಬೆಕ್ಕಿಗೆ ಹೇಳ್ತಾಳೆ. ಮೊದಲು ಇದ್ದ ಮಾಸ್ಟ್ರು ಅವಳ ಮಾತಿಗೇ ಸೋತು ಮನೆ ಬಿಟ್ರು.”

ಜಾನಕಮ್ಮ ಬೇಡವೆನ್ನಿಸಲೆಂದು ಹೇಳಿದ ಒಂದೊಂದು ಮಾತೂ ಮಹಾನಂದಳಿಗೆ ಬೆಲ್ಲ ಸವಿದ ಹಾಗಾಗುತ್ತಿತ್ತು. ವೃಷಭೇಂದ್ರಪ್ಪನವರಿಗೆ ಅದು ಕಾಣಿಸಿತು.

“ಮೀನು ಮಾಡ್ತಾರಾ?” ಎಂದು ಅವರು ಕೊನೆಯ ಬಾಣ ಬಿಟ್ಟರು.

“ದಿನಾ. ಮತ್ತೆ ಬಂದರಿನ ಹತ್ತಿರ ಅಲ್ವಾ?”

“ನೋಡು ಮಹಾನಂದ. ಲಿಂಗಪೂಜೆ ಮಾಡೋ ಮನೆ ನಮ್ದು. ನಿಮ್ಮಮ್ಮನಿಗೆ ಗೊತ್ತಾದ್ರೆ ನನ್ನ ಸುಮ್ನೆ ಬಿಡ್ತಾರಾ?”

ಮಹಾನಂದ ನಿಜವಾಗಿಯೂ ಯೋಚಿಸಿದಳು. ಮೀನಿನ ವಾಸನೆ ಅವಳಿಗೆ ಆಗದು. ರಸೆಲ್ ಮಾರ್ಕೆಟ್ಟಿನ ಹತ್ತಿರ ಹಾದು ಹೋದ ದಿನ ರಾತ್ರಿ ಊಟ ಸೇರಿರಲಿಲ್ಲ. ಅದನ್ನು ದಿನವೂ ಸಹಿಸುವುದೆಂದರೆ ಹುಡುಗಾಟವಲ್ಲ. ಅತ್ತ ಗುಡ್ಡದ ಮೇಲೆ ಶುದ್ಧ ಗಾಳಿ, ಶುದ್ಧ ನೀರು, ಒಂದು ನರಪಿಳ್ಳೆಯೂ ಇಲ್ಲ.

“ಜಾನಕಮ್ಮನೋರೆ, ಅಡುಗೆಮನೆ ಯಾವ ಕಡೆ ಗೋಡೆಗಿದೆ?”

“ಸಿಸಿಲಿಯಾ ಬಾಯಿಯ ಕಡೆಗೇ.”

“ಸರಿ ಹಾಗಾದ್ರೆ. ಪೂಜೆ ಬೀದಿ ಕಡೆ ಕೋಣೇಲಿ ಇಟ್ಕೋತೀನಿ, ಊದುಬತ್ತಿ ಎರಡು ಜಾಸ್ತಿ ಹಚ್ತೀನಿ. ವಾಸನೆ ಬಂದ್ರೆ ಕಿಟಕಿ ಮುಚ್ಬೋದು. ಮಾತಾಡೋರಿಲ್ಲ ಅಂದ್ರೆ ಏನನ್ನ ಮುಚ್ಲಿ?”

“ಹೆಸರಿನ ಬೋರ್ಡು ಹಾಕೋಕೆ ಗೇಟಾದ್ರೂ ಇದೆಯಾ ಅಲ್ಲಿ?” ಎಂದು ವೃಷಭೇಂದ್ರಪ್ಪ ಸೋತ ದನಿಯಲ್ಲಿ ಕೇಳಿದರು.

“ಬಾಗಿಲುಂಟು,” ಎಂದರು ಜಾನಕಮ್ಮ.

ಬಸ್ಸಿನಲ್ಲಿ ಮೆಜೆಸ್ಟಿಕ್ ದಾಟುವವರೆಗೂ ವೃಷಭೇಂದ್ರಪ್ಪ ಕಿಟಕಿಯಾಚೆ ಹಾದುಹೋಗುವ ಗೇಟುಗಳನ್ನೇ ನೋಡುತ್ತಿದ್ದರು. ಆಮೇಲೆ ತಾವೇ ನಕ್ಕುಬಿಟ್ಟರು. “ಹೋಗ್ಲಿ ಬಿಡು. ಗುಡ್ಡದ ಮೇಲೆ ಒಬ್ಬನೇ ಕೂತು ಗಾಳಿ ಕುಡಿಯೋದಕ್ಕಿಂತ ನಿನ್ನ ಕೈ ಸಾರು ವಾಸಿ. ಆದ್ರೆ ಆ ಸಿಸಿಲಿಯಾ ಬಾಯಿ ಹ್ಯಾಗೋ ಏನೋ, ನೋಡ್ದೆ ಒಪ್ಕೊಂಡಿದೀಯ.”

“ನೋಡ್ತೀನಲ್ಲ. ಮುಂದಿನ ಭಾನುವಾರ ಜಾನಕಮ್ಮನ ಮನೆಗೇ ಬರ್ತಾರಂತೆ. ಆ ಬಾಯಿಯ ತಂಗಿ ಮನೆ ಇಲ್ಲೇ ದಂಡಿನಲ್ಲಿದೆ, ಕಂಟೋನ್ಮೆಂಟಲ್ಲಿ, ಈ ವಾರ ಬರ್ತಿದ್ದಾರೆ. ನೀವು ಚಪ್ಪಲಿ ಹಾಕ್ಕೊಳ್ತಿದ್ದಾಗ ಕೇಳ್ಕೊಂಡೆ.”

ಮನೆಗೆ ಬಂದವಳೇ ಸೀರೆ ಕೂಡ ಬದಲಾಯಿಸದೆ ಗೋಡೆ ತಟ್ಟಿದಳು. ಸರಸ್ವತಮ್ಮ ಹಿಂಬಾಗಿಲಿನಿಂದಲೇ ಒಳಗೆ ಬಂದು, ಅವಳು ಹೇಳಿದ್ದನ್ನೆಲ್ಲ ಕೊನೆಯವರೆಗೂ ಸೊಂಟಕ್ಕೆ ಕೈ ಕೊಟ್ಟು ನಿಂತು ಕೇಳಿದರು.

“ಏನೇ, ನಾನು ಒಣಮೆಣಸಿನಕಾಯಿ ಹುರಿದ್ರೇ ಕೆಮ್ಮಿ ಗೋಡೆ ಬಡಿಯೋಳು ನೀನು. ಮೀನಿನ ಪಕ್ಕ ಸಂಸಾರ ಮಾಡ್ತೀಯಾ?”

“ಮಾಡ್ತೀನಿ ಅಕ್ಕ.”

“ಅಷ್ಟು ಮಾತಾಡ್ತಾಳಂತಾ?”

“ನಿಮಗಿಂತ ಜಾಸ್ತಿಯಂತೆ.”

“ಅದಾಗೋ ಮಾತಲ್ಲ,” ಎಂದ ಸರಸ್ವತಮ್ಮ ಮುಖ ತಿರುಗಿಸಿ, ಒಲೆಯ ಮೇಲಿಲ್ಲದ ಪಾತ್ರೆಯನ್ನು ಹುಡುಕುವವರಂತೆ ಸ್ವಲ್ಪ ಹೊತ್ತು ನಿಂತರು. ಮಹಾನಂದ ಅವರ ತೋಳು ಹಿಡಿದುಕೊಂಡಳು. ಹೊರಗೆ ಯಾರೋ ನಲ್ಲಿಗೆ ಕೊಡ ಇಟ್ಟ ಸದ್ದಾಯಿತು.

“ನಿನ್ನ ಸ್ವಭಾವ ಅವಳಿಗೆ ಯಾರು ಹೇಳ್ತಾರೆ?” ಎಂದರು ಸರಸ್ವತಮ್ಮ ಕೊನೆಗೆ. “ಬೆಳಿಗ್ಗೆ ಕಾಫಿ ಕುಡಿಯೋ ತನಕ ಮಾತಾಡಿಸಬಾರದು, ಜ್ವರ ಬಂದ್ರೆ ಮುಚ್ಚಿಟ್ಕೋತೀಯ, ಕೆಲವು ಮಾತು ಕೇಳ್ಲೇಬಾರದು. ನೀನಾಗಿ ಹೇಳೋಳಲ್ಲ. ಮುಂದಿನ ಭಾನುವಾರ ನಾನೂ ಬರ್ತೀನಿ ಮಲ್ಲೇಶ್ವರಕ್ಕೆ. ನಿನ್ನ ಯಾರ ಕೈಗೆ ಒಪ್ಪಿಸ್ತಿದೀನಿ ಅಂತ ನೋಡ್ಬೇಕಲ್ಲ.”

“ಬನ್ನಿ. ಬೆಳಿಗ್ಗೇನೇ ಹೊರಡೋಣ, ಬಸ್ಸು ಖಾಲಿ ಇರತ್ತೆ.”

“ಚಟ್ನಿಪುಡಿ ಮಾಡ್ತೀನಿ, ಬರಿಗೈಲಿ ಹೋಗೋದು ಬೇಡ. ಇವತ್ತೇ ಮೆಣಸಿನಕಾಯಿ ಹುರೀತೀನಿ. ಕೆಮ್ಮಿದ್ರೆ ಕೆಮ್ಮು.”