ತಂಬಿಗಿಯೊಳಗಿನ ಟವರ್

ಮೊನ್ನೆ ಅವ್ವ ಹುಣಸಿಹಣ್ಣು ಹಚ್ಚಿ ಹಿತ್ತಾಳಿ ಸಾಮಾನು ತಿಕ್ಕುತ್ತಿದ್ದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ತಂಬಿಗಿ ಕಸಿದು ಬಾಯಿಗೆ ಹಿಡಿದು ಗುಂಯ್ ಅಂದೆ. "ಇನ್ನೂ ಹೋಗಿಲ್ಲೇನು ನಿನ್ನ ಹುಚ್ಚು?" ಅಂದಳು.

ಗಜೇಂದ್ರಗಡದ ನಮ್ಮ ಓಣಿಯಲ್ಲಿ ಎದುರುಮನೆ ಅಕ್ಕ ಪೈಲಟ್. ಅರಿವೆ ಅಂಗಡಿಯವರ ಮಗಳು. ಪರದೇಶದಲ್ಲಿ ವಿಮಾನ ಕಲಿತು ಅಲ್ಲಿಯ ಲೈಸನ್ಸ್ ಹಿಡಿದು ಬಂದಿದ್ದಳು. ಲೈಸನ್ಸ್ ಇದ್ದ ಮೇಲೆ ಇಲ್ಲೇಕೆ ಹಾರಿಸುವುದಿಲ್ಲ ಎಂಬುದು ಓಣಿಗೆ ಬಗೆಹರಿಯದ ಸಂಗತಿ. ರೋಣದ ಬಸ್ಸಿಗೆ ಕಾಯುವಾಗ, "ಪೈಲಟ್ ಅಕ್ಕಾರು ಬಸ್ಸಿಗೆ ನಿಂತಾರಲ್ರಿ!" ಎಂದು ನಗುತ್ತಿದ್ದರು. ಮೊದಲು ಅಂದವನು ನಾನೇ ಇರಬೇಕು.

ಅಕ್ಕ ಸಿಟ್ಟಾಗದೆ ಬಿಡಿಸಿ ಹೇಳಿದ್ದಳು. "ಒಂದ ದೇಶದ ಲೈಸನ್ಸ್ ಇನ್ನೊಂದ ದೇಶದಾಗ ನಡೀಬೇಕಂದ್ರ ಎರಡ ದಾರಿ ಅದಾವು. ನಮ್ಮದನ್ನ ನೋಡಿ ಸ್ವಲ್ಪ ದಿನಕ್ಕ ಒಪ್ಪಿಗಿ ಕೊಡೂದು ಒಂದು. ಪರೀಕ್ಷಾ ಬರದು ಆ ದೇಶದ್ದ ಲೈಸನ್ಸ್ ತಗೊಳ್ಳೂದು ಇನ್ನೊಂದು."

"ಅಂದ್ರ ಹಬ್ಬಕ್ಕ ಬಂದ ಅಳಿಯ, ಇಲ್ಲಾಂದ್ರ ಮನಿ ಅಳಿಯ," ಅಂದೆ.

"ಹೌದೋ ಮಂಗ್ಯಾ! ಹುಟ್ಟಿದ ಊರಾಗ ನಾ ಮನಿ ಅಳಿಯ ಆಗಬೇಕಾಗೇತಿ."

ಬರೆಯುವ ಪರೀಕ್ಷೆಗಳು ಮುಗಿದಿದ್ದವು. ಉಳಿದದ್ದು ರೇಡಿಯೋದಲ್ಲಿ ಮಾತಾಡುವ ಪರೀಕ್ಷೆ, ಮತ್ತೆ ಡಾಕ್ಟರ ತಪಾಸಣೆ. ಓಣಿಯವರ ದನಿಯನ್ನೆಲ್ಲ ಕದಿಯುತ್ತಿದ್ದ ನನಗೆ ಕೆಲಸ ಸಿಕ್ಕಿತು. ಸಂಜೆ ಮಾಳಿಗೆ ಮೇಲೆ ನಾನು ವಿಮಾನಗಳಿಗೆ ದಾರಿ ಹೇಳುವ ಟವರ್, ಆಕೆ ವಿಮಾನ. ತಂಬಿಗಿಯಲ್ಲಿ ಬಾಯಿಟ್ಟರೆ ಥೇಟ್ ರೇಡಿಯೋ ದನಿ. ಗುಡ್ಡದ ಮೇಲಿನ ಗಾಳಿಯಂತ್ರ ನೋಡಿ ಗಾಳಿ ಯಾವ ಕಡೆಯದೆಂದು ಹೇಳುತ್ತಿದ್ದೆ. ಒಮ್ಮೆ ಮೂಗಿನಲ್ಲಿ ಮಾತಾಡುವ ಪರದೇಶಿ ಸಾಹೇಬ, ಒಮ್ಮೆ ನರಗುಂದ ಬಸ್ಸಿನ ಕಂಡಕ್ಟರ್: "ಹಿಂದ ಸರೀರಿ, ರನ್‌ವೇ ಖಾಲಿ ಮಾಡ್ರಿ!"

ಅಕ್ಕ ನಗುತ್ತಲೇ, "ಮತ್ತೊಮ್ಮೆ ಹೇಳು," ಅನ್ನುತ್ತಿದ್ದಳು. ದಿನಾ ಅನ್ನುತ್ತಿದ್ದಳು. ಕುತ್ತಿಗೆ ತುಸು ಹೊರಳಿಸಿ, ಬಲಗಿವಿ ನನ್ನ ಕಡೆ ಮಾಡಿ... ನನಗೋ, ಖರೇ ರೇಡಿಯೋದ ಗೊಗ್ಗರು ಹಿಡಿದುಬಿಟ್ಟೆನೆಂಬ ಹಿಗ್ಗು. ಮತ್ತಷ್ಟು ಗೊಣಗುತ್ತಿದ್ದೆ.

ತಪಾಸಣೆ ಮುಗಿಸಿ ಬಂದ ದಿನ ಅಕ್ಕ ನೇರ ಮಾಳಿಗೆ ಹತ್ತಿದಳು. ಎಡಗಿವಿ ಹೋಗಿದೆ, ಬಲಗಿವಿಯೂ ಹೊರಟಿದೆ ಎಂದಿದ್ದರಂತೆ. ಮಂದಿಯನ್ನು ಕೂರಿಸಿಕೊಂಡು ಹಾರುವ ಮಾತು ಅಲ್ಲಿಗೆ ಮುಗಿಯಿತು.

"ತಂಬಿಗಿಯಾಗ ಮಾತಾಡೂದಕ್ಕ ನಿನಗ ಕೇಳವಲ್ದು ಅಂತ ತಿಳದಿದ್ದೆ ಅಕ್ಕಾ," ಅಂದೆ.

"ನಾನೂ ಹಂಗ ತಿಳಕೊಂಡಿದ್ದೆ."

ನಾನು ತಂಬಿಗಿ ಕೆಳಗಿಟ್ಟೆ. ಆಕೆಯೇ ನನ್ನ ಬೆನ್ನು ತಟ್ಟಿದಳು. "ನಾ ಕಲ್ತ ದೇಶದಾಗ ಟವರ್ ಇಲ್ಲದ ಸಣ್ಣ ಮೈದಾನ ಭಾಳ ಅದಾವು. ಅಲ್ಲಿ ಡಾಕ್ಟರ್ ಹ್ಞೂಂ ಅಂದ್ರ, ಕಿವಿ ಕೇಳದವರೂ ರೇಡಿಯೋ ಇಲ್ಲದನೂ ಹಾರಬಹುದು. ನೌಕರಿಗಲ್ಲ, ಖುಷಿಗೆ."

ಹೋದಳು. ಅಲ್ಲಿಯೇ ಒಂದು ಮೈದಾನದ ರಿಪೇರಿ ಶೆಡ್ಡಿನಲ್ಲಿ ಕೆಲಸ, ರಜೆ ದಿನ ಆಕಾಶ. ಫೋನ್ ಮಾಡುವುದಿಲ್ಲ; ಬಲಗಿವಿಯೂ ಹೋಯಿತು. ಫೋಟೋ ಕಳಿಸುತ್ತಾಳೆ: ರೆಕ್ಕೆ, ಮೋಡ, ಕೆಳಗೆ ಯಾರದೋ ಹೊಲ. ನಾನೂ ಏನೋ ಟೈಪ್ ಮಾಡುತ್ತೇನೆ. ಆದರೆ ನನ್ನ ಚೇಷ್ಟೆಯೆಲ್ಲ ಇದ್ದದ್ದು ದನಿಯಲ್ಲಿ... ಅಕ್ಷರಕ್ಕೆ ಇಳಿದರೆ ಹಳಸಿದ ಸಾರು.

ಅವ್ವ ತಂಬಿಗಿ ಇಸಕೊಂಡು ತೊಳೆದಳು. ಬೋರಲು ಹಾಕುವ ಮುಂಚೆ, ಯಾಕೋ, ತಾನೇ ಅದಕ್ಕೆ ಬಾಯಿ ಹಚ್ಚಿ ಮೆಲ್ಲಗೆ, "ಹಿಂದ ಸರೀರಿ, ರನ್‌ವೇ ಖಾಲಿ ಮಾಡ್ರಿ," ಅಂದಳು.

ಮತ್ತೊಮ್ಮೆ ಹೇಳು ಅನ್ನುವವರು ಓಣಿಯಲ್ಲಿ ಯಾರೂ ಉಳಿದಿಲ್ಲ.